ವಾಲೆಟ್ಟಾದಲ್ಲಿ ಬೀದರ ಕೋಟೆಯ ಹೆಸರೆತ್ತಬಾರದು

ಬೀದರ, ಹೊರಡುವ ಮೊದಲು

ಬೀದರದಲ್ಲಿ ಮನೆಗೆ ಅತಿಥಿ ಬಂದರೆ ಮೂರು ಕಾರ್ಯಕ್ರಮಗಳು. ಮೊದಲು ಚಹಾ, ಆಮೇಲೆ ಕೋಟೆ, ಆಮೇಲೆ ಊಟ. ಮೂವತ್ತೊಂದು ವರ್ಷಗಳಿಂದ ನಮ್ಮ ಮನೆಯಲ್ಲಿ ಕೋಟೆಯ ಖಾತೆ ನನ್ನದು. ಸಂತಪುರದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನಾದ್ದರಿಂದ ಆ ಖಾತೆಯನ್ನು ಬೇರೆಯವರಿಗೆ ಬಿಟ್ಟುಕೊಡುವ ಪ್ರಶ್ನೆಯೇ ಇಲ್ಲ. ಭಾಲ್ಕಿಯ ಬೀಗರಿರಲಿ, ಔರಾದಿನಿಂದ ಕೋರ್ಟು ಕೆಲಸಕ್ಕೆ ಬಂದ ದೂರದ ನೆಂಟರಿರಲಿ, ಚಹಾದ ಕಪ್ಪು ಕೆಳಗಿಡುವ ಮೊದಲೇ ಎಬ್ಬಿಸಿಕೊಂಡು ಹೊರಡುತ್ತೇನೆ. ಮೂರು ತಾಸು ಬಿಸಿಲಲ್ಲಿ ತಿರುಗಿಸುತ್ತೇನೆ. ಕೆಲವರು ಎರಡನೆಯ ಸಲ ನಮ್ಮ ಮನೆಗೆ ಬರುವುದಿಲ್ಲ. ಅವರಿಗೆ ಇತಿಹಾಸದ ಅಭಿರುಚಿ ಕಡಿಮೆ.

ಬಸವಳಿದು ಮನೆಗೆ ಬರುವ ಹೊತ್ತಿಗೆ ನನ್ನ ಹೆಂಡತಿ ಸುಜಾತಾ ಜೋಳದ ರೊಟ್ಟಿ ಬಡಿದು ಮುಗಿಸಿರುತ್ತಾಳೆ. ಮೆಹಕರದವಳು, ಮಾತು ಕಡಿಮೆ, ಕೈ ಚುರುಕು. ರೊಟ್ಟಿ ಒಂದು ಹೆಚ್ಚಾದದ್ದಿಲ್ಲ, ಒಂದು ಕಡಿಮೆಯಾದದ್ದಿಲ್ಲ. ನಾವು ಹೊರಡುವಾಗ ಬಾಗಿಲಲ್ಲಿ ನಿಂತು ಒಂದೇ ಪ್ರಶ್ನೆ ಕೇಳುತ್ತಾಳೆ: “ಎಲ್ಲಿತನಕ ಹೋಗ್ತೀರಿ?” ಆಕೆಗೂ ಕೋಟೆಯಲ್ಲಿ ಆಸಕ್ತಿ ಇದೆ ಎಂದು ನಾನು ಅತಿಥಿಗಳಿಗೆ ಹೆಮ್ಮೆಯಿಂದ ಹೇಳುತ್ತಿದ್ದೆ.

ಹೀಗಿರುವಾಗ ಆಕೆಯ ತಂಗಿಯ ಮಗಳು ಪ್ರಜ್ಞಾ ಮಾಲ್ಟಾಕ್ಕೆ ಕರೆದಳು. ಸಾಯಗಾಂವದ ಹುಡುಗಿ, ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಮಾಲ್ಟಾ ಎಂದರೆ ಭೂಮಧ್ಯ ಸಮುದ್ರದ ನಡುವಿನ ದ್ವೀಪ. ಅದರ ರಾಜಧಾನಿ ವಾಲೆಟ್ಟಾ ಸುತ್ತಲೂ ಕೋಟೆ ಕಟ್ಟಿಕೊಂಡ ಬಂದರು. ಕೋಟೆ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ನಾನು ಪಾಸ್‌ಪೋರ್ಟಿನ ಫೋಟೋ ತೆಗೆಸಲು ಹೊರಟೆ. ಸುಜಾತಾ ತಡೆದಳು.

“ಒಂದು ಶರತ್ತು ಅದರಿ. ಹತ್ತು ದಿನ ಅಲ್ಲಿ ನಮ್ಮ ಬೀದರ ಕ್ವಾಟಿ ಹೆಸರು ತಗೀಬಾರದು. ತಗದ್ರ, ತಿರುಗಿ ಬಂದ ಮ್ಯಾಲ ನಾ ಹೇಳಿದ್ದು ಒಂದು ಕೆಲಸ ಮಾಡಬೇಕು.”

“ಏನು ಕೆಲಸ?”

“ಸೋತ ಮ್ಯಾಲ ಹೇಳ್ತೇನಿ.”

ಬಂಗಾರ ಇರಬಹುದು, ಹೊಸ ಫ್ರಿಜ್ ಇರಬಹುದು ಎಂದುಕೊಂಡೆ. ಏನಿದ್ದರೇನು, ಸೋಲುವವರಿಗೆ ತಾನೇ ಆ ಚಿಂತೆ. ನಗುತ್ತಾ ಒಪ್ಪಿಕೊಂಡೆ.

ವಿಮಾನ ನಿಲ್ದಾಣ

ಹೈದರಾಬಾದಿನಿಂದ ಎರಡು ವಿಮಾನ ಬದಲಿಸಿ ಮಾಲ್ಟಾದಲ್ಲಿ ಇಳಿದೆವು. ನಮ್ಮ ಚೀಲ ತೆರೆಸಿದ ಅಧಿಕಾರಿ ಬಹಳ ಸಭ್ಯ ಮನುಷ್ಯ. ಅವನ ಕೈಗೆ ಮೊದಲು ಸಿಕ್ಕದ್ದು ಸುಜಾತಾ ಕಟ್ಟಿ ತಂದಿದ್ದ ಖಡಕ್ ರೊಟ್ಟಿಗಳ ಅಟ್ಟಿ. ಒಂದನ್ನು ಎತ್ತಿ ಬೆರಳಿನಿಂದ ತಟ್ಟಿದ. ಟಣ್ ಎಂದಿತು. ಬೆಳಕಿಗೆ ಹಿಡಿದು ನೋಡಿದ. ಇದು ಗೋಡೆಗೆ ಹಚ್ಚುವುದೇ, ನೆಲಕ್ಕೆ ಹಾಸುವುದೇ ಎಂದು ಕೇಳಿದ.

ಊಟ ಎಂದೆ. ಅವನು ನನ್ನ ಹಲ್ಲುಗಳ ಕಡೆ ನೋಡಿದ. ಸುಜಾತಾ ಒಂದು ತುಂಡು ಮುರಿದು, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಉದುರಿಸಿ, ಅವನ ಕೈಗೇ ಕೊಟ್ಟಳು. ಕರ್ತವ್ಯದ ಮೇಲಿರುವಾಗ ತಿನ್ನುವಂತಿಲ್ಲ ಎಂದು ಹೇಳುತ್ತಲೇ ಅವನು ಅದನ್ನು ಬಾಯಿಗೆ ಹಾಕಿಕೊಂಡ. ಹಿಂಡಿಯ ಖಾರ ತಲೆಗೇರಿ ಕಣ್ಣಲ್ಲಿ ನೀರು ಬಂತು. ಉಳಿದ ಚೀಲಗಳನ್ನು ತೆರೆಯುವ ಆಸೆ ಅವನಿಗೆ ಉಳಿಯಲಿಲ್ಲ.

ಊರ ಬಾಗಿಲು

ಶರತ್ತು ನಾನು ಎಷ್ಟು ದಿನ ಪಾಲಿಸಿದೆ ಎಂಬುದನ್ನು ಹೇಳಿಬಿಡುತ್ತೇನೆ. ವಾಲೆಟ್ಟಾದ ಬಾಗಿಲಿನ ತನಕ.

ಬಸ್ಸಿಳಿದರೆ ಎದುರಿಗೆ ಸೇತುವೆ, ಕೆಳಗೆ ಬಂಡೆಯಲ್ಲಿ ಕಡಿದ ಒಣ ಖಂದಕ. ಜನ ಸೇತುವೆಯ ಅಂಚಿಗೆ ಒರಗಿ, ಖಂದಕಕ್ಕೆ ಬೆನ್ನು ತಿರುಗಿಸಿ, ತಮ್ಮ ಮುಖದ ಫೋಟೋ ತೆಗೆದುಕೊಳ್ಳುತ್ತಿದ್ದರು. ಅಷ್ಟು ಆಳದ ಖಂದಕ ತೋಡಿಸಿದವರಿಗೆ ಇದು ಗೊತ್ತಿದ್ದರೆ ಅರ್ಧಕ್ಕೇ ಬಿಡುತ್ತಿದ್ದರು. ನಾನು ಬಗ್ಗಿ ನೋಡಿದೆ. ಆಳ ಪರವಾಗಿಲ್ಲ. ಆದರೆ ಸುತ್ತು ಒಂದೇ! ಒಳಗಿಂದ ಒಂದು ಮಾತು ಏಳತೊಡಗಿತು. ನುಂಗಿದೆ. ಮತ್ತೆ ಎದ್ದಿತು.

“ಇದೇನು ಖಂದಕ? ನಮ್ಮ ಬೀದರ ಕ್ವಾಟಿದು ಮೂರು ಸುತ್ತು ಅದ, ಒಂದರ ಹಿಂದ ಒಂದು, ಎಲ್ಲಾ ಬಂಡೆಗಲ್ಲಿನೊಳಗ ಕಡದದ್ದು!”

ಪ್ರಜ್ಞಾ ನಕ್ಕಳು. “ದೊಡ್ಡಪ್ಪ, ಬಸ್ಸಿಳಿದು ಹತ್ತು ಮಿನಿಟೂ ಆಗಿಲ್ಲರಿ.”

ಸುಜಾತಾ ನಗಲಿಲ್ಲ. “ಸೋತ್ರಿ,” ಎಂದಷ್ಟೇ ಹೇಳಿ, ಸೆರಗು ಸರಿಪಡಿಸಿಕೊಂಡು ಊರೊಳಗೆ ನಡೆದಳು.

ಸೋತ ಮೇಲೆ ಮುಚ್ಚುಮರೆ ಯಾಕೆ? ಆ ದಿನವೆಲ್ಲ ಮನಸಾರೆ ಹೋಲಿಸಿದೆ. ಇವರ ಕಲ್ಲು ಹಳದಿ, ಉಗುರಿಗೆ ಉದುರುತ್ತದೆ. ನಮ್ಮದು ಕೆಂಪು, ಸುತ್ತಿಗೆಗೆ ಉತ್ತರ ಕೊಡುತ್ತದೆ. ಇವರ ಕೋಟೆಯೊಳಗೆ ಕಾಫಿ ಅಂಗಡಿ, ಬಟ್ಟೆ ಅಂಗಡಿ; ನಮ್ಮದರೊಳಗೆ ಗಾಂಭೀರ್ಯ, ಮತ್ತು ಆಡುಗಳು. ಒಂದೊಂದು ಮನೆಗೂ ಬಣ್ಣದ ಮರದ ಮುಚ್ಚು ಬಾಲ್ಕನಿ. ಒಳಗೆ ಕೂತವರು ಬೀದಿ ನೋಡಬಹುದು, ಬೀದಿಯವರಿಗೆ ಅವರು ಕಾಣುವುದಿಲ್ಲ. ಇಷ್ಟು ಖರ್ಚಿನ ವ್ಯವಸ್ಥೆ ನಮಗೆ ಬೇಕಾಗಿಲ್ಲ. ನಮ್ಮ ಓಣಿಯ ಹೆಂಗಸರು ಒಂದು ಹಳೆಯ ಪರದೆಯಲ್ಲೇ ಈ ಕೆಲಸ ಮುಗಿಸುತ್ತಾರೆ.

ಅಲ್ಲಿಯ ಕೆಲವು ಚರ್ಚುಗಳ ಮುಂಭಾಗದಲ್ಲಿ ಎರಡು ಗಡಿಯಾರ. ಒಂದು ಸರಿ ಹೊತ್ತು ತೋರಿಸುತ್ತದೆ, ಇನ್ನೊಂದು ಬೇಕೆಂದೇ ತಪ್ಪು. ಸೈತಾನನಿಗೆ ಪ್ರಾರ್ಥನೆಯ ವೇಳೆ ತಿಳಿಯಬಾರದು ಎಂಬುದು ಅವರ ಹಿರಿಯರ ಉಪಾಯವಂತೆ. ನಮ್ಮ ಕಡೆಯ ಮದುವೆ ಪತ್ರಿಕೆಯ ಉಪಾಯವೂ ಅದೇ. ಅದರಲ್ಲಿ ಅಚ್ಚಾದ ಹೊತ್ತಿಗೆ ಬಂದ ಸೈತಾನ ಪೆಂಡಾಲಿನವರ ಜೊತೆ ಕುರ್ಚಿ ಹಾಕಬೇಕಾಗುತ್ತದೆ.

ಮೆಟ್ಟಿಲ ಬೀದಿಗಳು

ವಾಲೆಟ್ಟಾ ಒಂದು ಗುಡ್ಡದ ಬೆನ್ನಿನ ಮೇಲೆ ಕೂತ ಊರು. ಎರಡೂ ಕಡೆ ಸಮುದ್ರ, ಎರಡೂ ಕಡೆ ಇಳಿಜಾರು. ಕೆಲವು ಬೀದಿಗಳು ಬರೀ ಮೆಟ್ಟಿಲು. ತರಕಾರಿ ತರಲು ನೂರು ಮೆಟ್ಟಿಲು ಇಳಿ, ಕೊತ್ತಂಬರಿ ಮರೆತರೆ ಮತ್ತೆ ನೂರು. ಇಂಥ ಊರಲ್ಲಿ ಹುಟ್ಟಿದವರಿಗೆ ಜ್ಞಾಪಕಶಕ್ತಿ ಚೆನ್ನಾಗಿರಬೇಕು.

ಇಲ್ಲಿ ನನ್ನ ಒಂದು ಸಿದ್ಧಾಂತಕ್ಕೆ ಪೆಟ್ಟು ಬಿತ್ತು. ಸುಜಾತಾಗೆ ಹತ್ತುವುದು ಇಳಿಯುವುದು ಆಗುವುದಿಲ್ಲ ಎಂದು ನಾನು ಬಹಳ ವರ್ಷಗಳಿಂದ ನಂಬಿದ್ದೆ. ಹೇಗೆ ನಂಬಿದೆ, ಯಾರು ಹೇಳಿದರು, ನೆನಪಿಲ್ಲ. ಎರಡನೆಯ ದಿನ ಬಂದರಿನಿಂದ ಮೇಲಕ್ಕೆ ಹತ್ತುವಾಗ ಐವತ್ತನೆಯ ಮೆಟ್ಟಿಲಿಗೆ ನನ್ನ ಮೊಣಕಾಲು ಕೈಕೊಟ್ಟಿತು. ಒಂದು ಪಚ್ಚೆ ಬಾಗಿಲ ಮುಂದೆ, ಕಲ್ಲುಕೆತ್ತನೆ ನೋಡುವ ನೆಪದಲ್ಲಿ ಕೂತೆ. ತಲೆ ಎತ್ತಿದರೆ ಆಕೆ ಬೀದಿಯ ತುದಿಯಲ್ಲಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಏನ್ರಿ, ಅಲ್ಲೇನು ನೋಡ್ಲಕತ್ತೀರಿ?”

“ಕೆತ್ತನೆ ಅದ, ಕೆತ್ತನೆ!”

“ನೋಡ್ರಿ, ನೋಡ್ರಿ. ಜರಾ ದಮ್ಮು ತಗೊಂಡು ನೋಡ್ರಿ.”

ಬಾಗಿಲು ತೆರೆದು ಒಬ್ಬ ಮುದುಕ ಹೊರಬಂದ. ನನ್ನನ್ನು ನೋಡಿ, ಏನೂ ಕೇಳದೆ, ಒಂದು ಲೋಟ ನೀರು ತಂದುಕೊಟ್ಟ. ಆ ಬಾಗಿಲ ಮುಂದೆ ಕೆತ್ತನೆ ನೋಡಲು ಕೂತವರಲ್ಲಿ ನಾನು ಮೊದಲಿಗನಾಗಿರಲಿಕ್ಕಿಲ್ಲ.

ಮಧ್ಯಾಹ್ನದ ತೋಪು

ಬಂದರಿನ ಮೇಲಿರುವ ಒಂದು ಉದ್ಯಾನದ ಕೆಳಗೆ ಸಾಲಾಗಿ ತೋಪುಗಳು, ಅಂದರೆ ಫಿರಂಗಿಗಳು. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಹಳೇ ಕಾಲದ ಸಿಪಾಯಿ ವೇಷದವರು ಒಂದನ್ನು ಹಾರಿಸುತ್ತಾರೆ. ಜನ ಅರ್ಧ ತಾಸು ಮೊದಲೇ ಬಂದು ಕಟಕಟೆಗೆ ಆತುಕೊಂಡು ಕಾಯುತ್ತಾರೆ.

ತೋಪಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬೀದರ ಕೋಟೆಯ ಮೇಲಿನ ಬುರುಜಿನ ದೊಡ್ಡ ತೋಪಿನ ಪಕ್ಕದಲ್ಲಿ ನಿಂತು ನಾನು ಭಾಷಣ ಮಾಡಿದಷ್ಟು ಸಲ ಅದು ಗುಂಡು ಹಾರಿಸಿರಲಿಕ್ಕಿಲ್ಲ. ಪಕ್ಕದಲ್ಲಿದ್ದ ಇಟಲಿಯ ದಂಪತಿಗೆ ಬತ್ತಿ ಎಲ್ಲಿ, ಮದ್ದು ಎಲ್ಲಿ, ಹಿಂದೊದೆತ ಎಷ್ಟು ಎಂದು ನನ್ನ ಇಂಗ್ಲಿಷಿನಲ್ಲಿ ವಿವರಿಸತೊಡಗಿದೆ. ಅವರಿಗೆ ಇಂಗ್ಲಿಷು ಬರುತ್ತಿರಲಿಲ್ಲವಾದ್ದರಿಂದ ಶ್ರದ್ಧೆಯಿಂದ ಕೇಳುತ್ತಿದ್ದರು. ‘ಶಬ್ದಕ್ಕೆ ಹೆದರಬಾರದು’ ಎಂಬ ಮಾತಿಗೆ ಬಂದಿದ್ದೆ. ಢಂ!

ಕಣ್ಣು ತೆರೆದಾಗ ನಾನು ಇಟಲಿಯವರ ಬುಟ್ಟಿಯ ಮೇಲಿದ್ದೆ. ಅದರಲ್ಲಿ ಅವರ ಮಧ್ಯಾಹ್ನದ ಬ್ರೆಡ್ಡೂ ಟೊಮೆಟೊವೂ ಇದ್ದವು. ನಾನು ಮೂವತ್ತೊಂದು ವರ್ಷ ಪರಿಚಯಿಸಿದ್ದು ಬಾಯಿ ಮುಚ್ಚಿಕೊಂಡ ತೋಪುಗಳನ್ನು. ಮಾತಾಡುವ ತೋಪು ಇದೇ ಮೊದಲು. ಸುಜಾತಾ ಮಾತ್ರ ರೆಪ್ಪೆ ಕೂಡ ಬಡಿದಿರಲಿಲ್ಲ. ಪ್ರಜ್ಞಾ ಕೇಳಿದ್ದಕ್ಕೆ, “ಕುಕ್ಕರ್ ಸೀಟಿ ಕೇಳಿ ಕೇಳಿ ರೂಢಿ ಆಗ್ಯದವ್ವ,” ಎಂದಳು. ನನ್ನ ಪ್ಯಾಂಟಿಗೆ ಹತ್ತಿದ ಟೊಮೆಟೊ ಒರೆಸುತ್ತಾ ಮೆಲ್ಲಗೆ ಕೇಳಿದಳು: “ನಮ್ಮದು ಇದಕ್ಕಿಂತ ದೊಡ್ಡದೇನ್ರಿ?”

“ಬಿಲ್ಕುಲ್ ದೊಡ್ಡದು! ಗೊತ್ತಿಲ್ಲದವರಂಗ ಕೇಳ್ತಿಯಲ್ಲ!”

ಆಕೆ ಒರೆಸಿದ ಕರ್ಚೀಫು ಮಡಚಿಟ್ಟಳು. ಅದನ್ನು ಒಪ್ಪಿಗೆ ಎಂದು ತಿಳಿದು ನಾನು ಮುಂದಕ್ಕೆ ನಡೆದೆ.

ಚೆನ್ಸಾಳ ಕುರ್ಚಿ

ಪ್ರಜ್ಞಾ ಬಾಡಿಗೆಗಿದ್ದ ಮನೆಯ ಒಡತಿ ಚೆನ್ಸಾ, ಎಂಬತ್ತು ದಾಟಿದ ಹೆಂಗಸು. ಸಂಜೆಯಾದರೆ ಒಂದು ಬೆತ್ತದ ಕುರ್ಚಿ ಹೊತ್ತುಕೊಂಡು ಹೋಗಿ ಕೋಟೆಗೋಡೆಯ ಪಕ್ಕ ಸಮುದ್ರಕ್ಕೆ ಮುಖ ಮಾಡಿ ಕೂರುತ್ತಾಳೆ. ಅಲ್ಲಿ ಓಣಿಯವರೆಲ್ಲ ಕುರ್ಚಿ ತರುತ್ತಾರೆ. ಯಾರೂ ಯಾರ ಕುರ್ಚಿಯಲ್ಲೂ ಕೂರುವುದಿಲ್ಲ. ಇದನ್ನು ತಿಳಿಯದೆ ನಾನು ಒಂದರಲ್ಲಿ ಕೂತು, ನಾಲ್ಕು ಜನ ನನ್ನ ಸುತ್ತ ಬಂದು ನಿಂತು, ಕುರ್ಚಿಯನ್ನೂ ನನ್ನನ್ನೂ ನೋಡತೊಡಗಿದ ಮೇಲೆ ಎದ್ದೆ.

ನನ್ನ ಇಂಗ್ಲಿಷಿಗಿಂತ ಸುಜಾತಾಳ ಬೀದರದ ಮಾತೇ ಚೆನ್ಸಾಳ ಹತ್ತಿರ ಚೆನ್ನಾಗಿ ನಡೆಯಿತು. ಅವರ ಭಾಷೆಗೆ ಅರಬ್ಬಿಯ ಬೇರು. ಪುಸ್ತಕಕ್ಕೆ ಅವರೂ ಕಿತಾಬಿನಂತೆಯೇ ಏನೋ ಅನ್ನುತ್ತಾರೆ, ದುನಿಯಾ ಅವರಿಗೂ ದುನಿಯಾ, ಸಾಬೂನು ಹೆಚ್ಚುಕಡಿಮೆ ಸಾಬೂನು. ಇಷ್ಟು ಬಂಡವಾಳದಲ್ಲಿ, ಉಳಿದದ್ದನ್ನು ಕೈಯಲ್ಲಿ ತುಂಬಿಸಿ, ಇಬ್ಬರೂ ಎರಡು ಸಂಜೆ ಮಾತಾಡಿದ್ದರು. ಮೂರನೆಯ ಸಂಜೆ ಪ್ರಜ್ಞಾಳೂ ಜೊತೆಗಿದ್ದಳು, ಇಬ್ಬರ ಮಾತನ್ನೂ ತಿರುಗಿಸಿ ಹೇಳುತ್ತಿದ್ದಳು.

ಚೆನ್ಸಾಳ ಗಂಡ ಹಡಗು ರಿಪೇರಿಯ ಕೆಲಸದವನಂತೆ. ಮದುವೆಯಾದ ದಿನದಿಂದ ಅವನು ತೀರುವ ತನಕ ಪ್ರತಿ ಸಂಜೆ ಇಬ್ಬರೂ ಈ ಗೋಡೆಯ ಮೇಲೆ ನಡೆದರಂತೆ. ದಿನಾ ಅದೇ ಗೋಡೆ, ದಿನಾ ಅದೇ ಹಡಗುಗಳು, ದಿನಾ ಅವನ ಅದೇ ಮಾತು. “ನನಗೆ ಬೇಜಾರು ಬಂದಿತ್ತು,” ಎಂದಳು ಚೆನ್ಸಾ. “ಈಗ ಆ ಬೇಜಾರು ಎಲ್ಲಿ ಸಿಗುತ್ತದೆ?”

ನಾವು ಆಕೆಗೆ ಉಡುಗೊರೆಯಾಗಿ ಒಂದು ಸಣ್ಣ ಬಿದ್ರಿ ಡಬ್ಬಿ ತಂದಿದ್ದೆವು. ಅದನ್ನು ಕೊಟ್ಟು, ಈ ಕಪ್ಪು ಬಣ್ಣ ಬರುವುದು ನಮ್ಮ ಕೋಟೆಯ ಹಳೇ ಮಣ್ಣಿನಿಂದ, ಆ ಮಣ್ಣು ಬೇರೆಲ್ಲೂ ಸಿಗದು, ಎಂದು ಶುರು ಮಾಡಿದೆ. ಚೆನ್ಸಾ ಕೈಯೆತ್ತಿ ನನ್ನನ್ನು ನಿಲ್ಲಿಸಿ ಸುಜಾತಾಳ ಕಡೆ ತಿರುಗಿದಳು. ನಿನ್ನ ಗಂಡ ಬಂದಾಗಿನಿಂದ ಅವನ ಕೋಟೆಯನ್ನೇ ಹೇಳುತ್ತಿದ್ದಾನೆ, ಅದರಲ್ಲಿ ನಿನಗೆ ಯಾವ ಜಾಗ ಇಷ್ಟ, ಎಂದು ಕೇಳಿದಳು.

ಸುಜಾತಾ ಡಬ್ಬಿಯ ಮುಚ್ಚಳದ ಮೇಲೆ ಬೆರಳಾಡಿಸಿದಳು. “ನಾ ಕ್ವಾಟಿ ನೋಡಿಲ್ಲಂತ ಹೇಳವ್ವ.”

ಪ್ರಜ್ಞಾ ನಕ್ಕಳು. “ದೊಡ್ಡವ್ವ, ಚಾಷ್ಟಿ ಮಾಡಬ್ಯಾಡ.”

“ಚಾಷ್ಟಿ ಅಲ್ಲ, ಖರೇನೇ. ಲಗ್ನ ಆದ ವರ್ಷ ಕ್ವಾಟಿ ಬಾಗಿಲು, ಗುಂಬದ್ ದರವಾಜಾತನ ಹೋಗಿದ್ದೆ. ಅಷ್ಟರಾಗ ಬಾಜು ಮನಿಯವರು ಸೈಕಲ್ ಮ್ಯಾಲ ಬಂದು, ಮನಿಗಿ ಮಂದಿ ಬಂದಾರಂದ್ರು. ನಾ ತಿರುಗಿ ಬಂದು ರೊಟ್ಟಿ ಬಡದೆ.”

“ದೊಡ್ಡಪ್ಪ?”

“ಅವರು ಒಳಗ ಹೋದ್ರು. ಅಷ್ಟು ದೂರ ಬಂದೀನಲ್ಲ ಅಂದ್ರು.”

ಆ ದಿನ ನನಗೂ ನೆನಪಿತ್ತು. ಆದರೆ ನನ್ನ ನೆನಪಿನಲ್ಲಿ ಆಕೆಯೂ ಒಳಗೆ ಬಂದಿದ್ದಳು. ನಾನು ತೋಪು ತೋರಿಸಿದ್ದೆ, ಆಕೆ ಬೆರಗಾಗಿದ್ದಳು. ಇತಿಹಾಸದ ಮೇಷ್ಟ್ರಿಗೆ ಇಲ್ಲದ ಸಾಕ್ಷಿಯನ್ನು ಸೃಷ್ಟಿಸುವುದು ಎಷ್ಟು ಸುಲಭ!

“ನೀ ಎಂದೂ ಕೇಳಲಿಲ್ಲಲ್ಲ,” ಎಂದೆ.

“ಕೇಳೀನ್ರಿ. ಬರೋ ಐತಾರ ಅಂದ್ರಿ. ಐತಾರಕ್ಕ ಮಂದಿ ಬಂದ್ರು. ನಮ್ಮ ಮನಿಗಿ ಯಾವ ಐತಾರ ಮಂದಿ ಬಂದಿಲ್ಲ, ಹೇಳ್ರಿ?” ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಆಮೇಲೆ ಪ್ರಜ್ಞಾಳಿಗೆ ಹೇಳಿದಳು: “ಆದರ ಕ್ವಾಟಿ ನನಗ ಬಿಲ್ಕುಲ್ ಗೊತ್ತಿಲ್ಲಂತಲ್ಲ. ಬಾಗಿಲ ಹತ್ತರದ ರಂಗೀನ್ ಮಹಲ್ ಅಷ್ಟೇ ನೋಡಿ ಬಂದವರು ಮೂರು ರೊಟ್ಟಿ ತಿಂತಾರ. ಮ್ಯಾಲಿನ ಬುರುಜಿಗಿ ಹತ್ತಿ ಬಂದವರು ಐದು. ಎಲ್ಲಿತನಕ ಹೋಗ್ತಾರಂತ ಗೊತ್ತಾದ್ರ ಹಿಟ್ಟು ಎಷ್ಟು ನಾದಬೇಕು ಗೊತ್ತಾಗ್ತದ.”

ಪ್ರಜ್ಞಾ ನಗುತ್ತಾ ತಿರುಗಿಸಿ ಹೇಳಿದಳು. ಚೆನ್ಸಾ ನಗಲಿಲ್ಲ. ನನ್ನನ್ನು ನೋಡಿ ನೇರವಾಗಿ ಇಂಗ್ಲಿಷಿನಲ್ಲೇ ಕೇಳಿದಳು: “ನಿಮ್ಮ ಮನೆಯಿಂದ ಆ ಕೋಟೆ ಎಷ್ಟು ದೂರ?”

ಒಂದೂವರೆ ಕಿಲೋಮೀಟರು ಎಂದೆ. ಸಂತಪುರದ ಸಾಲೆಯಲ್ಲಿ ತಪ್ಪು ಉತ್ತರ ಹೇಳಿದ ಹುಡುಗರು ನೆಲ ನೋಡುತ್ತಿದ್ದರು. ಸರಿ ಉತ್ತರ ಹೇಳಿಯೂ ನೆಲ ನೋಡಬೇಕಾಗುತ್ತದೆ ಎಂದು ಅಂದು ತಿಳಿಯಿತು. ನನಗೆ ನಾಚಿಕೆಯಾಯಿತು. ನಾನು ದೇಶದ ಮಂದಿಗೆಲ್ಲ ತೋರಿಸಿದ್ದನ್ನು ಮನೆಯವಳಿಗೆ ತೋರಿಸಿರಲಿಲ್ಲ, ಮತ್ತು ಅದು ನನಗೆ ಗೊತ್ತೂ ಇರಲಿಲ್ಲ.

ಸಮುದ್ರದ ತುದಿಯ ಕೋಟೆ

ಊರಿನ ತುದಿಯಲ್ಲಿ, ಸಮುದ್ರಕ್ಕೆ ಮೂತಿ ಚಾಚಿಕೊಂಡು, ಇನ್ನೊಂದು ಕೋಟೆ ಇದೆ. ತುರ್ಕರ ಮುತ್ತಿಗೆಯ ಕಾಲದಲ್ಲಿ ಬಹಳ ರಕ್ತ ಹರಿದ ಜಾಗ. ಅಲ್ಲಿ ನಾನು ಒಂದಕ್ಷರ ಮಾತಾಡಲಿಲ್ಲ. ಬುರುಜು ಬಂತು, ಸುಮ್ಮನಿದ್ದೆ. ತೋಪು ಬಂತು, ಸುಮ್ಮನಿದ್ದೆ. ಅಲ್ಲಿಯ ಗೈಡು ಒಂದು ಗೋಡೆಯ ದಪ್ಪ ಹೇಳಿ ನನ್ನತ್ತ ನೋಡಿದಾಗಲೂ ತುಟಿ ಕಚ್ಚಿಕೊಂಡೆ.

“ಆರಾಮಿಲ್ಲೇನ್ರಿ?” ಸುಜಾತಾ ಕೇಳಿದಳು.

“ಆರಾಮ ಅದೀನಿ. ನೀ ಕೇಳೋ ಕೆಲಸ ಏನು, ಈಗರೆ ಹೇಳು. ಕ್ವಾಟಿ ತೋರಸಬೇಕು ಅಂತಂದ್ರ ಊರಿಗಿ ಹೋದ ಮರುದಿನಾನೇ ಹೋಗೋಣು. ನಾನೇ ತೋರಸ್ತೀನಿ.”

“ನೀವು ತೋರಸೋದು ಬ್ಯಾಡ್ರಿ,” ಎಂದು ಹೇಳಿ ಆಕೆ ಸಮುದ್ರದ ಕಡೆ ತಿರುಗಿದಳು.

ಮತ್ತೆ ಬೀದರ

ಬಂದ ಮೊದಲ ಐತವಾರವೇ ಸಾಯಗಾಂವದಿಂದ ಪ್ರಜ್ಞಾಳ ತಂದೆತಾಯಿ ಮಗಳ ಸುದ್ದಿ ಕೇಳಲು ಬಂದರು. ಚಹಾ ಆಯಿತು. ನಾನು ಅಭ್ಯಾಸಬಲದಿಂದ ಚಪ್ಪಲಿ ಹುಡುಕತೊಡಗಿದೆ. ನೋಡಿದರೆ ಸುಜಾತಾ ಮಾಲ್ಟಾದಲ್ಲಿ ಕೊಂಡ ಬಿಳಿ ಟೊಪ್ಪಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ.

“ಶರತ್ತಿನ ಕೆಲಸ ಹೇಳ್ತೇನ್ರಿ. ಇವತ್ತು ಇವರಿಗಿ ಕ್ವಾಟಿ ನಾ ತೋರಸ್ತೇನಿ. ನೀವು ರೊಟ್ಟಿ ಬಡೀರಿ.”

ಆಕೆಯ ತಂಗಿ ಬಾಯಿಗೆ ಸೆರಗು ಹಿಡಿದು ನಕ್ಕಳು. ನಾನು ಒಳಗೆ ಹೋಗಿ ಹಿಟ್ಟಿನ ಡಬ್ಬಿ ಇಳಿಸಿದೆ. ಆಟೋ ಬಂದ ಸದ್ದಿಗೆ ಮತ್ತೆ ಹೊರಗೋಡಿ ಬಂದು ಕೇಳಿದೆ: “ಎಲ್ಲಿತನಕ ಹೋಗ್ತಿ?”

“ಹ್ಯಾಂಗ ಹೇಳ್ಬೇಕ್ರಿ? ನೋಡಿಲ್ಲಲ್ಲ,” ಎಂದಳು. ಆಟೋ ಹೋಯಿತು.

ಮೂವತ್ತೊಂದು ವರ್ಷ ರೊಟ್ಟಿ ತಿಂದ ಅನುಭವ ರೊಟ್ಟಿ ಬಡಿಯಲು ಏನೂ ಉಪಯೋಗಕ್ಕೆ ಬರುವುದಿಲ್ಲ. ಬಿಸಿನೀರು ಹೆಚ್ಚಾದರೆ ಹಿಟ್ಟು ಅಂಬಲಿ, ಕಡಿಮೆಯಾದರೆ ಬಿರುಕು. ಬಡಿಯುವಾಗ ದುಂಡಗಿದ್ದದ್ದು ಹಂಚಿಗೆ ಹೋಗುವಷ್ಟರಲ್ಲಿ ಎರಡಾಗುತ್ತದೆ. ಗಾರೆ ಕೆಲಸದವನಂತೆ ತೂತು ಮುಚ್ಚುತ್ತಾ, ಬೆರಳು ಸುಟ್ಟುಕೊಳ್ಳುತ್ತಾ, ಗಡಿಯಾರ ನೋಡುತ್ತಾ ಮೂರು ತಾಸು ಕಳೆದೆ. ತಲೆಗೆ ಮೂರರ ಲೆಕ್ಕದಲ್ಲಿ ನಾಲ್ವರಿಗೆ ಹನ್ನೆರಡು ಬಡಿದೆ. ಒಂದು ಹಂಚು ಬಿಟ್ಟು ಬರಲೊಲ್ಲೆ ಎಂದು ಅಲ್ಲೇ ಕರಕಲಾಯಿತು. ಉಳಿದದ್ದು ಹನ್ನೊಂದು.

ಅವರು ಬಂದರು. ತಂಗಿ ಮತ್ತು ಅವಳ ಗಂಡ ರಂಗೀನ್ ಮಹಲಿನ ನೆರಳಲ್ಲಿ ಕೂತುಬಿಟ್ಟಿದ್ದರಂತೆ. “ಅಕ್ಕ ಮುಂದ ಎಲ್ಲಿಗಿ ಹೋದಳೋ ಗೊತ್ತಿಲ್ಲರಿ, ನಾವು ಅಲ್ಲೇ ಕುಂತಿದ್ವಿ,” ಎಂದ ಷಡ್ಡಕ. ಸುಜಾತಾ ಟೊಪ್ಪಿಗೆ ತೆಗೆದು ಮೊಳೆಗೆ ಹಾಕಿದಳು. ಕಾಲಿಗೆ ಕೆಂಪು ಧೂಳು, ಕೆನ್ನೆ ಬಿಸಿಲಿಗೆ ಕಪ್ಪಾಗಿತ್ತು. ಹೇಗಿತ್ತು ಎಂದು ಕೇಳಬೇಕೆನಿಸಿತು. ಕೇಳಿದರೆ ನಾನೇ ಉತ್ತರ ಹೇಳತೊಡಗುತ್ತೇನೆ ಎಂಬ ಭಯಕ್ಕೆ ಸುಮ್ಮನೆ ಬಡಿಸಿದೆ.

ಅತಿಥಿಗಳು ಮೂರು ಮೂರು ತಿಂದು ಕೈ ತೊಳೆದರು. ಸುಜಾತಾಳೂ ಮೂರು ತಿಂದಳು. ತಟ್ಟೆ ಮುಂದಕ್ಕೆ ಸರಿಸಿದಳು. ನಾಲ್ಕನೆಯದು ಹಾಕಿದೆ. ಅದನ್ನು ಪುಂಡಿಪಲ್ಯಕ್ಕೆ ಹಚ್ಚಿಕೊಂಡು, ನಿಧಾನವಾಗಿ, ಸುಟ್ಟ ಅಂಚನ್ನೂ ಬಿಡದೆ ತಿಂದಳು. ಬುಟ್ಟಿಯಲ್ಲಿ ಇನ್ನು ಒಂದೇ ಉಳಿದಿತ್ತು. ಅದು ನನ್ನ ಪಾಲಿನದು, ಬೆಳಗಿನಿಂದ ನಾನು ಏನೂ ತಿಂದಿರಲಿಲ್ಲ.

ಸುಜಾತಾ ತಲೆಯೆತ್ತಿ ನನ್ನನ್ನು ನೋಡಿದಳು.

“ಇನ್ನೊಂದು ಹಾಕ್ರಿ,” ಎಂದಳು.